ಸ್ವಾಮಿ ಕುವಲಯಾನಂದರು

ದೇಹವನ್ನು ಕಡೆಗಣಿಸಿ ಸಾಧನೆ ಮಾಡಹೊರಟವನು ಅರ್ಧದಾರಿಯಲ್ಲಿಯೇ ನಿಂತುಬಿಡುತ್ತಾನೆಂಬುದು ಅನುಭವಿಗಳೆಲ್ಲರೂ ಕಂಡ ಮಾತು. ಆದರೆ ಆಸನ ಪ್ರಾಣಾಯಾಮಗಳಿಂದ ದೇಹದೊಳಗೆ ನಿಜವಾಗಿ ಏನು ನಡೆಯುತ್ತದೆ ಎಂಬ ಪ್ರಶ್ನೆಯನ್ನು ಯಂತ್ರಗಳ ಮುಂದಿಟ್ಟು ಉತ್ತರ ಕೇಳುವ ಧೈರ್ಯ ಬಹುಕಾಲ ಯಾರಿಗೂ ಬಂದಿರಲಿಲ್ಲ. ಯೋಗಿಗಳಿಗೆ ಅದು ಬೇಡವಾಗಿತ್ತು. ವೈದ್ಯರಿಗೆ ಅದು ಹಾಸ್ಯಾಸ್ಪದವಾಗಿತ್ತು. ಈ ಎರಡು ದಡಗಳ ನಡುವೆ ಸೇತುವೆ ಕಟ್ಟಿದವರಲ್ಲಿ ಮೊದಲಿಗರು ಸ್ವಾಮಿ ಕುವಲಯಾನಂದರು.

ಅವರ ಪೂರ್ವದ ಹೆಸರು ಜಗನ್ನಾಥ ಗಣೇಶ ಗುಣೆ. ಗುಜರಾತಿನ ಡಭೋಯಿಯಲ್ಲಿ 1883ನೆಯ ಆಗಸ್ಟ್ 30ರಂದು ಬಡ ಮರಾಠಿ ಮನೆತನದಲ್ಲಿ ಜನಿಸಿದರು. ಸಂಸ್ಕೃತದಲ್ಲಿ ಚೆನ್ನಾಗಿ ತೇರ್ಗಡೆಯಾಗಿ ವಿದ್ಯಾರ್ಥಿವೇತನ ಪಡೆದರು. ತಿಲಕರ ಹಾಗೂ ಅರವಿಂದರ ಪ್ರಭಾವಕ್ಕೆ ಒಳಗಾಗಿ, ನಾಡಿನ ಸೇವೆಗೆಂದು ಬ್ರಹ್ಮಚರ್ಯ ವ್ರತವನ್ನು ಕೈಕೊಂಡರು. ಬಡೋದೆಯ ವ್ಯಾಯಾಮಶಾಲೆಯಲ್ಲಿ ರಾಜರತ್ನ ಮಾಣಿಕರಾಯರ ಬಳಿ ಮೂರು ವರ್ಷ ಅಂಗಸಾಧನೆ ಮಾಡಿದರು. ಆಮೇಲೆ ಖಾನದೇಶದ ಅಮಳನೇರದಲ್ಲಿ ರಾಷ್ಟ್ರೀಯ ವಿದ್ಯಾಲಯದ ಪ್ರಾಚಾರ್ಯರಾಗಿ ಕೆಲಸ ಮಾಡಿದರು. ಇಷ್ಟರಲ್ಲಿಯೇ ತೃಪ್ತರಾಗಿದ್ದರೆ ಅವರು ಒಬ್ಬ ಒಳ್ಳೆಯ ಶಿಕ್ಷಕರಾಗಿ ಉಳಿಯುತ್ತಿದ್ದರು.

ನರ್ಮದಾತೀರದ ಮಾಲಸರದಲ್ಲಿದ್ದ ಪರಮಹಂಸ ಮಾಧವದಾಸರ ದರ್ಶನವು ಅವರ ಬಾಳಿನ ದಿಕ್ಕನ್ನೇ ತಿರುಗಿಸಿತು. ಗುರುವಿನ ಸನ್ನಿಧಿಯಲ್ಲಿ ಯೋಗದ ಆಳವನ್ನು ಕಂಡ ಮೇಲೆ ಅವರಲ್ಲಿ ಎರಡು ಭಾವಗಳು ಒಟ್ಟಿಗೇ ಮೂಡಿದವು. ಒಂದು, ಇದು ಸತ್ಯ ಎಂಬ ನಿಷ್ಠೆ. ಇನ್ನೊಂದು, ಸತ್ಯವಾಗಿದ್ದರೆ ಪರೀಕ್ಷೆಗೆ ಅಂಜಬೇಕಾಗಿಲ್ಲ ಎಂಬ ನಿಲುವು. ಶ್ರದ್ಧೆಯುಳ್ಳವರು ಬಹುಮಟ್ಟಿಗೆ ಮೊದಲನೆಯದರಲ್ಲಿಯೇ ನಿಲ್ಲುತ್ತಾರೆ. 1920ರ ಸುಮಾರಿಗೆ ಬಡೋದೆಯ ಆಸ್ಪತ್ರೆಯಲ್ಲಿ ಕ್ಷ-ಕಿರಣದ ನೆರವಿನಿಂದ ಉಡ್ಡಿಯಾನ ಮತ್ತು ನೌಲಿಗಳನ್ನು ಪರೀಕ್ಷಿಸಲು ಅವರು ತೊಡಗಿದರು.

ನೌಲಿಯ ವಿಷಯವನ್ನು ಕೊಂಚ ವಿವರಿಸುವುದು ಅವಶ್ಯ. ಜಲಬಸ್ತಿಯಲ್ಲಿ ಯೋಗಿಯು ನೀರಿನಲ್ಲಿ ಕುಳಿತು ಗುದದ್ವಾರದ ಮೂಲಕ ನೀರನ್ನು ಮೇಲಕ್ಕೆ ಸೆಳೆದುಕೊಳ್ಳುತ್ತಾನೆ. ಇದನ್ನು ಕಂಡವರು ಅದೊಂದು ಸಿದ್ಧಿಯೆಂದು ಬೆರಗಾಗುತ್ತಿದ್ದರು. ಕುವಲಯಾನಂದರು ಒತ್ತಡಮಾಪಕವನ್ನು ಜೋಡಿಸಿ ನೋಡಿದಾಗ, ಹೊಟ್ಟೆಯ ನಡುಸ್ನಾಯುಗಳನ್ನು ಬೇರ್ಪಡಿಸಿ ಮುಂದಕ್ಕೆ ತಂದ ಕ್ಷಣದಲ್ಲಿ ದೊಡ್ಡ ಕರುಳಿನೊಳಗಿನ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕಿಂತ ಕಡಿಮೆಯಾಗುವುದು ತಿಳಿದುಬಂದಿತು. ಒಳಗೆ ಒತ್ತಡ ಇಳಿದಾಗ ನೀರು ತಾನಾಗಿಯೇ ಏರುತ್ತದೆ, ಪವಾಡವೇನೂ ಇಲ್ಲ. ಈ ನಿರ್ವಾತಕ್ಕೆ ಅವರು ತಮ್ಮ ಗುರುವಿನ ಹೆಸರನ್ನೇ ಇಟ್ಟು ಮಾಧವದಾಸ ನಿರ್ವಾತವೆಂದು ಕರೆದರು. ಪವಾಡವನ್ನು ಕಳೆದವರು ಗುರುವನ್ನು ಕಳೆದುಕೊಳ್ಳಲಿಲ್ಲ.

1924ರ ವಿಜಯದಶಮಿಯ ಹೊತ್ತಿಗೆ ಪುಣೆ ಮುಂಬಯಿಗಳ ನಡುವಣ ಲೋಣಾವಳೆಯಲ್ಲಿ ಕೈವಲ್ಯಧಾಮವು ಸ್ಥಾಪನೆಯಾಯಿತು. ಅದೇ ವರ್ಷ ಯೋಗಮೀಮಾಂಸಾ ಎಂಬ ಪತ್ರಿಕೆಯೂ ಹೊರಟಿತು. ಒಂದು ಭಾಗದಲ್ಲಿ ಪ್ರಯೋಗಗಳ ಅಂಕಿಗಳು, ಇನ್ನೊಂದು ಭಾಗದಲ್ಲಿ ಸಾಮಾನ್ಯರಿಗೆ ತಿಳಿಯುವ ಬೋಧೆ, ಹೀಗೆ ಅದರ ರೂಪವಿದ್ದಿತು.

ಬಹುಕಾಲದ ಬೇನೆಗಳಿಂದ ನರಳುವವರು ಆಶ್ರಮಕ್ಕೆ ಬರತೊಡಗಿದರು. ಮಲಬದ್ಧತೆ, ಅಜೀರ್ಣ, ಉಬ್ಬಸ ಮುಂತಾದ, ಔಷಧಿಯಿಂದ ಕೆಲದಿನ ಶಮನಗೊಂಡು ಮತ್ತೆ ತಲೆಯೆತ್ತುವ ರೋಗಗಳು ಅವು. ಇಂಥವರಿಗೆ ಅವರು ಹೇಳಿದ ಪ್ರಾಣಾಯಾಮವು ಕಠಿಣವಾದುದಲ್ಲ. ಉಸಿರನ್ನು ಬಿಗಿಹಿಡಿಯುವ ಕುಂಭಕವನ್ನು ಮೊದಲಿಗೆ ಬಿಟ್ಟು, ಪೂರಕದ ಎರಡರಷ್ಟು ಹೊತ್ತು ರೇಚಕ ಮಾಡುವುದು ಸಾಕು ಎಂದರು. ಶ್ವಾಸ ತುಂಬುವಾಗ ಹೊಟ್ಟೆಯನ್ನು ಉಬ್ಬಿಸದೆ ಮೆಲ್ಲಗೆ ಹಿಡಿತದಲ್ಲಿಡಬೇಕೆಂಬುದೂ ಅವರ ಕಟ್ಟಳೆ. ಪ್ರಾಣಾಯಾಮದಲ್ಲಿ ಪ್ರಾಣವಾಯುವು ರಾಶಿರಾಶಿಯಾಗಿ ಒಳಸೇರುವುದರಿಂದಲೇ ಗುಣವಾಗುತ್ತದೆಂಬ ಜನಜನಿತವಾದ ಮಾತನ್ನು ಅವರು ಒಪ್ಪಲಿಲ್ಲ. ಅದರ ಮುಖ್ಯ ಫಲವನ್ನು ನರಮಂಡಲದಲ್ಲಿಯೂ ಉದರದ ಅಂಗಗಳಲ್ಲಿಯೂ ಹುಡುಕಬೇಕೆಂದರು. ತಮ್ಮ ಪಕ್ಷಕ್ಕೆ ಅನುಕೂಲವಾದ ಮಾತನ್ನೂ ಹೀಗೆ ತೂಗಿ ನೋಡುವವರು ವಿರಳ.

1927ರ ಪ್ರಸಂಗವು ನಮ್ಮ ನಾಡಿಗೆ ಸಂಬಂಧಿಸಿದುದು. ಖಾದಿ ಪ್ರವಾಸದಲ್ಲಿದ್ದ ಗಾಂಧೀಜಿಯವರು ಆ ವರ್ಷದ ಮಾರ್ಚ್ ಕೊನೆಯಲ್ಲಿ ಕೊಲ್ಹಾಪುರದಲ್ಲಿ ರಕ್ತದ ಒತ್ತಡದಿಂದ ಕುಸಿದರು. ವೈದ್ಯರು ಕಟ್ಟುನಿಟ್ಟಾದ ವಿಶ್ರಾಂತಿಯನ್ನು ವಿಧಿಸಿದರು. ಏಪ್ರಿಲ್‌ನಲ್ಲಿ ಅವರನ್ನು ಮೈಸೂರು ಸಂಸ್ಥಾನದ ನಂದಿಬೆಟ್ಟಕ್ಕೆ ಕರೆತಂದರು. ಜೂನ್ ಆರಂಭದಲ್ಲಿ ಅಲ್ಲಿಂದ ಬೆಂಗಳೂರಿಗೆ ಇಳಿದರು. ಆ ವರ್ಷವೇ ಕುವಲಯಾನಂದರೊಡನೆ ಪತ್ರವ್ಯವಹಾರ ನಡೆಸಿ, ಆಸನಗಳನ್ನು ಅಭ್ಯಾಸಮಾಡಿ, ತಮಗಾದುದನ್ನು ಬರೆದು ತಿಳಿಸುತ್ತಿದ್ದರು. ಅರುವತ್ತಕ್ಕೆ ಸಮೀಪಿಸಿದ, ಇಡೀ ದೇಶದ ಭಾರ ಹೊತ್ತ ರೋಗಿಯೊಬ್ಬರಿಗೆ ದೂರದಿಂದ ಅಭ್ಯಾಸವನ್ನು ಸೂಚಿಸುವುದು ಸಣ್ಣ ಹೊಣೆಯಲ್ಲ. ಒಂದು ಹೆಜ್ಜೆ ತಪ್ಪಿದ್ದರೆ ಮೂರು ವರ್ಷದ ಮಗುವಾಗಿದ್ದ ಕೈವಲ್ಯಧಾಮದ ಹೆಸರು ಅಲ್ಲಿಗೇ ಮುಗಿಯುತ್ತಿತ್ತು. ಗಾಂಧೀಜಿಯವರು ಚೇತರಿಸಿಕೊಂಡರು ನಿಜ. ವಿಶ್ರಾಂತಿ, ಬೆಟ್ಟದ ತಂಪು, ಮಿತಾಹಾರ ಇವೆಲ್ಲ ಕೂಡಿದ್ದುದರಿಂದ ಆ ಶ್ರೇಯಸ್ಸನ್ನು ಆಸನಗಳಿಗೇ ಕಟ್ಟುವುದು ನ್ಯಾಯವಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಬಂದ ಕೋವೂರ್ ಬೆಹನನ್ ಎಂಬ ವಿದ್ವಾಂಸರು 1930ರ ದಶಕದ ಮೊದಲಲ್ಲಿ ಅವರ ಬಳಿ ಅಭ್ಯಾಸಮಾಡಿ, 1937ರಲ್ಲಿ ಯೋಗದ ವೈಜ್ಞಾನಿಕ ವಿಮರ್ಶೆಯ ಗ್ರಂಥವನ್ನು ಹೊರತಂದರು. ಮುಂಬಯಿಯಲ್ಲಿ 1932ರಲ್ಲಿ ಆರೋಗ್ಯಕೇಂದ್ರವೊಂದು ಆರಂಭವಾಯಿತು. ಕಚೇರಿಗೆ ಹೋಗುವ ಗೃಹಸ್ಥರು ಬೆಳಿಗ್ಗೆ ಬಂದು ಅಭ್ಯಾಸ ಮುಗಿಸಿ ಕೆಲಸಕ್ಕೆ ತೆರಳುವಂತೆ ಅಲ್ಲಿ ಅನುಕೂಲವಿದ್ದಿತು. ಸಂಸಾರ ಬಿಟ್ಟವರಿಗೆ ಮಾತ್ರ ಯೋಗವೆಂಬ ತಿಳಿವಳಿಕೆ ಇಂಥ ಕಡೆಗಳಲ್ಲಿ ಸಡಿಲವಾಯಿತು.

1950ರ ಸುಮಾರಿಗೆ ಲೋಣಾವಳೆಯಲ್ಲಿ ಯೋಗದ ಕಾಲೇಜು, 1960ರ ದಶಕದ ಮೊದಲಲ್ಲಿ ಬಹುಕಾಲದ ರೋಗಿಗಳಿಗಾಗಿಯೇ ಒಂದು ಯೋಗದ ಆಸ್ಪತ್ರೆ ಏರ್ಪಟ್ಟವು. ಆ ಆಸ್ಪತ್ರೆಯಲ್ಲಿ ಉಬ್ಬಸದವರ ಶ್ವಾಸದ ಅಳತೆಯನ್ನು ಅಭ್ಯಾಸಕ್ಕೆ ಮೊದಲೂ ಆಮೇಲೂ ಬರೆದಿಡುವ ಕ್ರಮವಿದ್ದಿತು. ಸ್ವಾಮಿಗಳು 1966ರ ಏಪ್ರಿಲ್ 18ರಂದು ದೇಹವನ್ನು ಬಿಟ್ಟರು. ಯೋಗಮೀಮಾಂಸಾ ಪತ್ರಿಕೆಯು ಅವರ ಶಿಷ್ಯರ ಕೈಯಲ್ಲಿ ಮುಂದೆಯೂ ಹೊರಡುತ್ತ ಬಂದಿತು.