ಆಟೋ ರಾಜನ ಮಾಲ್ಗುಡಿ

ಗಜೇಂದ್ರಗಡದಲ್ಲಿ ಕೆಲವು ಆಟೋಗಳ ಹಿಂದಿನ ಗಾಜಿನ ಮೇಲೆ ಶಂಕರ್‌ನಾಗ್ ಅವರ ಫೋಟೋ ಇನ್ನೂ ಇದೆ. ಪುರ್ತಗೇರಿಯಿಂದ ಕಾಲೇಜಿಗೆ ಬರುವ ನಾವು ಅದನ್ನು ನೋಡುತ್ತಲೇ ಇರುತ್ತೇವೆ. ಅವರು ತೀರಿಕೊಂಡಾಗ ನಾವು ಯಾರೂ ಹುಟ್ಟಿರಲಿಲ್ಲ. ಆಟೋದವರಿಗೆ ಅವರು 1980ರ ‘ಆಟೋ ರಾಜ’. ನಮ್ಮ ದಾದಿಗೆ ಮಾತ್ರ ಅವರು ‘ಮಾಲ್ಗುಡಿ ಡೇಸ್’ ಮಾಡಿದವರು. ನನ್ನ ಅಭಿಪ್ರಾಯದಲ್ಲಿ ದಾದಿಯೇ ಸರಿ.

ಶಂಕರ್‌ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯಲ್ಲಿ. ನಟ ಅನಂತ್‌ನಾಗ್ ಅವರಿಗೆ ತಮ್ಮ. ಮನೆಮಾತು ಕೊಂಕಣಿ. ಮುಂಬೈಗೆ ಹೋಗಿ ಮರಾಠಿ ನಾಟಕಗಳಲ್ಲಿ ಪಳಗಿದರು, ಅಲ್ಲಿಯೇ ಅರುಂಧತಿ ಅವರ ಪರಿಚಯವಾಯಿತು. 1978ರಲ್ಲಿ ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಸಿನಿಮಾದಿಂದ ಕನ್ನಡಕ್ಕೆ ಬಂದರು. ಆಮೇಲೆ ಸಿನಿಮಾದ ಮೇಲೆ ಸಿನಿಮಾ, ಹೆಚ್ಚಿನವು ಫೈಟಿಂಗ್ ಇರುವಂಥವು. ‘ಮಿಂಚಿನ ಓಟ’, ‘ಆಕ್ಸಿಡೆಂಟ್’ನಂಥ ಚಿತ್ರಗಳನ್ನು ತಾವೇ ನಿರ್ದೇಶಿಸಿದರು. ಬೆಂಗಳೂರಿನಲ್ಲಿ ‘ಸಂಕೇತ್’ ನಾಟಕ ತಂಡವನ್ನೂ ನಡೆಸಿದರು.

ಇಷ್ಟು ಓಡಾಟದ ನಡುವೆ ಅವರು ಆರ್.ಕೆ. ನಾರಾಯಣರ ಕಥೆಗಳನ್ನು ಟಿವಿಗೆ ತಂದರು. ಕಥೆ ಇಂಗ್ಲಿಷಿನದು, ಸೀರಿಯಲ್ ಹಿಂದಿಯದು, ಚಿತ್ರೀಕರಣ ಮಲೆನಾಡಿನ ಆಗುಂಬೆಯಲ್ಲಿ. ದೂರದರ್ಶನದಲ್ಲಿ ಅವರ 39 ಕಂತುಗಳು ಬಂದವು. ಹಿಂದಿಯಲ್ಲಿ ಇದ್ದುದರಿಂದ ಉರ್ದು ಮಾತಾಡುವ ನಮ್ಮಂಥ ಮನೆಗಳಿಗೂ ಸುಲಭವಾಗಿ ತಿಳಿಯಿತು.

ಅದರ ಟೈಟಲ್‌ನಲ್ಲಿ ಬರುವುದು ಆರ್.ಕೆ. ಲಕ್ಷ್ಮಣ್ ಬಿಡಿಸಿದ ಚಿತ್ರಗಳು. ಕಾರ್ಟೂನ್ ಶುರುವಾಯಿತೇನೋ ಎನಿಸುತ್ತದೆ. ಒಂದು ರೀತಿಯಲ್ಲಿ ಸಂಬಂಧವೂ ಇದೆ. ನನ್ನ ತಮ್ಮ ನೋಡುವ ಡೋರೆಮಾನ್‌ನಲ್ಲಿ ನೊಬಿತಾನ ಗೋಳು ಏನು? ಹೋಮ್‌ವರ್ಕ್, ಪರೀಕ್ಷೆಯಲ್ಲಿ ಸೊನ್ನೆ, ಅಮ್ಮನ ಬೈಗುಳ. ಮಾಲ್ಗುಡಿಯ ಸ್ವಾಮಿಯದೂ ಅದೇ ಗೋಳು. ಆದರೆ ನೊಬಿತಾಗೆ ಡೋರೆಮಾನ್ ಜೇಬಿನಿಂದ ಯಂತ್ರ ತೆಗೆದುಕೊಡುತ್ತದೆ. ಸ್ವಾಮಿಗೆ ಯಾರೂ ಏನೂ ಕೊಡುವುದಿಲ್ಲ, ಅವನು ತಾನೇ ಒದ್ದಾಡಬೇಕು. ನಗು ಬರುವುದು ಆ ಒದ್ದಾಟದಿಂದ.

ಶಂಕರ್‌ನಾಗ್ ಇದನ್ನು ಚೆನ್ನಾಗಿ ಅರಿತಿದ್ದರು ಎಂದು ಸ್ವಾಮಿಯ ಅಪ್ಪನ ಪಾತ್ರ ನೋಡಿದರೆ ಗೊತ್ತಾಗುತ್ತದೆ. ಆ ಪಾತ್ರವನ್ನು ಜೋಕರ್ ತರಹದವರಿಗೆ ಕೊಡಲಿಲ್ಲ, ಗಿರೀಶ್ ಕಾರ್ನಾಡರಿಗೆ ಕೊಟ್ಟರು. ಅವರ ಸಿಟ್ಟು ನಿಜವಾದ ಸಿಟ್ಟು. ಸ್ವಾಮಿಯಾದ ಮಾಸ್ಟರ್ ಮಂಜುನಾಥನ ಹೆದರಿಕೆಯೂ ನಿಜದ್ದೇ. ಇಬ್ಬರೂ ನಮ್ಮನ್ನು ನಗಿಸಲು ಹೊರಟಿಲ್ಲ. ನಾರಾಯಣರ ಕಾದಂಬರಿಯಲ್ಲಿ ಅಪ್ಪ ಒಂದು ಲೆಕ್ಕ ಕೊಡುತ್ತಾರೆ: ಹತ್ತು ಮಾವಿನ ಹಣ್ಣಿಗೆ ಹದಿನೈದು ಆಣೆಯಾದರೆ ನಾಲ್ಕಕ್ಕೆ ಎಷ್ಟು? ಸ್ವಾಮಿಗೆ ಮೊದಲು ಬರುವ ಚಿಂತೆ, ಹಣ್ಣು ಮಾಗಿದೆಯೋ ಇಲ್ಲವೋ ಎಂದು. ಉತ್ತರ ಆರಾಣೆ. ಆದರೂ ಕಾಮರ್ಸ್ ಓದುವವನಾಗಿ ಹೇಳುತ್ತೇನೆ, ಸಂತೆಯಲ್ಲಿ ಸ್ವಾಮಿಯ ಪ್ರಶ್ನೆಯೇ ಮೊದಲು ಬರಬೇಕಾದದ್ದು!

ಎಲ್ಲವೂ ನಗುವೂ ಅಲ್ಲ. ತಿಂಗಳಿಗೆ ನಲವತ್ತು ರೂಪಾಯಿಯ ಗುಮಾಸ್ತ ವೆಂಕಟರಾವ್ ಮಗಳನ್ನು ಸಿನಿಮಾಗೆ ಕರೆದುಕೊಂಡು ಹೋಗುತ್ತೇನೆ ಎಂದಿರುತ್ತಾನೆ. ಆಫೀಸಿನಲ್ಲಿ ಬಿಡುವುದಿಲ್ಲ. ರಾಜೀನಾಮೆ ಕೊಡುವಷ್ಟು ಸಿಟ್ಟು ಬರುತ್ತದೆ, ಅಷ್ಟರಲ್ಲಿ ಸಂಬಳ ಐದು ರೂಪಾಯಿ ಹೆಚ್ಚಾಗುತ್ತದೆ. ರಾತ್ರಿ ಮನೆಗೆ ಬಂದಾಗ ಮಗು ಹೊಸ ಬಟ್ಟೆಯಲ್ಲೇ ಮಲಗಿಬಿಟ್ಟಿರುತ್ತದೆ. ಐದು ರೂಪಾಯಿಗೆ ಅಪ್ಪನ ಒಂದು ಸಂಜೆ ಮಾರಾಟವಾಯಿತು. ಹೊಡೆದಾಟ, ಕಣ್ಣೀರಿನ ಭಾಷಣ ಯಾವುದೂ ಬೇಡದ ಕಥೆ ಇದು. ಪರದೆಯ ಮೇಲೆ ಹತ್ತು ಜನರನ್ನು ಹೊಡೆದು ಉರುಳಿಸುತ್ತಿದ್ದ ಹೀರೋ ಇಂಥ ಕಥೆಗಳಿಗೂ ಸಮಯ ಕೊಟ್ಟರು ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಉತ್ತರ ಕರ್ನಾಟಕದ ಕಡೆಗೆ ಶೂಟಿಂಗಿಗೆ ಬರುತ್ತಿದ್ದಾಗ, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತವಾಗಿ ತೀರಿಕೊಂಡರು. ಮೂವತ್ತಾರು ತುಂಬಲು ಇನ್ನೂ ನಲವತ್ತು ದಿನ ಬಾಕಿ ಇತ್ತು. 2006ರಲ್ಲಿ ಕವಿತಾ ಲಂಕೇಶ್ ‘ಮಾಲ್ಗುಡಿ ಡೇಸ್’ಗೆ ಇನ್ನೂ 15 ಕಂತು ಸೇರಿಸಿದರು. ಸೀರಿಯಲ್‌ನಲ್ಲಿ ಮಾಲ್ಗುಡಿ ಸ್ಟೇಷನ್ ಆಗಿದ್ದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೇ ಕಟ್ಟಡ 2020ರಿಂದ ಮಾಲ್ಗುಡಿ ಮ್ಯೂಸಿಯಂ ಆಗಿದೆ.