ಇಯಾನ್ ಡೊನಾಲ್ಡ್

ಇಯಾನ್ ಡೊನಾಲ್ಡ್ (27 ಡಿಸೆಂಬರ್ 1910 – 19 ಜೂನ್ 1987) ಬ್ರಿಟನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರು. ಶ್ರವಣಾತೀತ ಧ್ವನಿಯನ್ನು, ಅಂದರೆ ಅಲ್ಟ್ರಾಸೌಂಡನ್ನು, ಹೊಟ್ಟೆಯೊಳಗಿನ ರೋಗಗಳ ಪತ್ತೆಗೆ ಬಳಸುವ ವಿಧಾನವನ್ನು ರೂಪಿಸಿದ ಪ್ರಮುಖರಲ್ಲಿ ಇವರೂ ಒಬ್ಬರು. ಗರ್ಭಿಣಿಯರ ಸ್ಕ್ಯಾನಿಂಗ್‌ನಿಂದ ಹಿಡಿದು, ಕರುಳಿನ ಉರಿಯೂತವನ್ನು ರೋಗಿಯ ಹಾಸಿಗೆಯ ಬಳಿಯೇ ಪರೀಕ್ಷಿಸುವ ಇಂದಿನ ಪದ್ಧತಿಯವರೆಗೆ ಇವರ ಕೆಲಸದ ಪ್ರಭಾವವನ್ನು ಕಾಣಬಹುದು.

ಬಾಲ್ಯ ಮತ್ತು ಶಿಕ್ಷಣ

ಡೊನಾಲ್ಡ್ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಸ್ಕಾಟಿಷ್ ವೈದ್ಯರ ಮನೆತನದಲ್ಲಿ ಜನಿಸಿದರು. ಬಾಲ್ಯದ ಕೆಲವು ವರ್ಷಗಳನ್ನು ದಕ್ಷಿಣ ಆಫ್ರಿಕಾದಲ್ಲಿ ಕಳೆದರು. 1937ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವೈದ್ಯ ಪದವಿ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯ ವೈದ್ಯರಾಗಿದ್ದಾಗ ಅವರಿಗೆ ರೇಡಾರ್ ತಂತ್ರದ ಪರಿಚಯವಾಯಿತು. 1954ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಸೂತಿಶಾಸ್ತ್ರ ಪ್ರಾಧ್ಯಾಪಕರಾದರು.

ಸಂಶೋಧನೆ

ಆ ಕಾಲದಲ್ಲಿ ಕಾರ್ಖಾನೆಗಳು ಲೋಹದೊಳಗಿನ ಬಿರುಕುಗಳನ್ನು ಪತ್ತೆಹಚ್ಚಲು ಅಲ್ಟ್ರಾಸೌಂಡ್ ಬಳಸುತ್ತಿದ್ದವು. 1955ರ ಜುಲೈ 21ರಂದು ಡೊನಾಲ್ಡ್, ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಗಡ್ಡೆಗಳನ್ನು ಕಾರಿನಲ್ಲಿ ರೆನ್‌ಫ್ರೂ ಪಟ್ಟಣದ ಬಾಯ್ಲರ್ ಕಾರ್ಖಾನೆಗೆ ಒಯ್ದು ಪರೀಕ್ಷಿಸಿದರು. ಘನವಾದ ಗಡ್ಡೆಗೂ ದ್ರವ ತುಂಬಿದ ಚೀಲಕ್ಕೂ ಪ್ರತಿಧ್ವನಿ ಬೇರೆ ಬೇರೆಯಾಗಿತ್ತು.

ಮುಂದೆ ಎಂಜಿನಿಯರ್ ಟಾಮ್ ಬ್ರೌನ್ ಮತ್ತು ವೈದ್ಯ ಜಾನ್ ಮ್ಯಾಕ್‌ವಿಕಾರ್ ಅವರೊಡನೆ ಉಪಕರಣವನ್ನು ಸುಧಾರಿಸಿದರು. ಗುಣವಾಗದ ಹೊಟ್ಟೆಯ ಕ್ಯಾನ್ಸರ್ ಎಂದು ಭಾವಿಸಲಾಗಿದ್ದ ಮಹಿಳೆಯೊಬ್ಬರ ಉದರದಲ್ಲಿ ಅವರಿಗೆ ಕಂಡದ್ದು ದ್ರವ ತುಂಬಿದ ದೊಡ್ಡ ಚೀಲ. ಅದನ್ನು ತೆಗೆದ ಬಳಿಕ ಆಕೆ ಚೇತರಿಸಿಕೊಂಡರು. ಈ ಅಧ್ಯಯನ 1958ರ ಜೂನ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕೊನೆಯ ವರ್ಷಗಳು

ಹೃದ್ರೋಗದಿಂದಾಗಿ ಹಲವು ಶಸ್ತ್ರಚಿಕಿತ್ಸೆಗಳಿಗೆ ಒಳಗಾದರೂ ಡೊನಾಲ್ಡ್ 1976ರವರೆಗೆ ಹುದ್ದೆಯಲ್ಲಿ ಮುಂದುವರಿದರು. ಬ್ರಿಟನ್ನಿನ 1967ರ ಗರ್ಭಪಾತ ಕಾಯಿದೆಯನ್ನು ಅವರು ಬಹಿರಂಗವಾಗಿ ವಿರೋಧಿಸಿದ್ದರು. 1987ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ನಿಧನರಾದರು.

ಕರುಳಿನ ಪರೀಕ್ಷೆಯಲ್ಲಿ ಬಳಕೆ

ಅನಿಲ ತುಂಬಿದ ಕರುಳು ಧ್ವನಿತರಂಗಗಳನ್ನು ತಡೆಯುವುದರಿಂದ ಅದನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಲಾಗದೆಂಬ ಭಾವನೆ ಬಹುಕಾಲ ಇತ್ತು. ಉಪಕರಣಗಳು ಸೂಕ್ಷ್ಮವಾದಂತೆ ಕರುಳಿನ ಗೋಡೆಯ ಪದರಗಳನ್ನೂ ಅಳೆಯಲು ಸಾಧ್ಯವಾಯಿತು. ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಗೋಡೆಯ ದಪ್ಪ 3 ಮಿಲಿಮೀಟರ್ ಮೀರುವುದು ಮತ್ತು ಅಲ್ಲಿ ರಕ್ತಸಂಚಾರ ಹೆಚ್ಚುವುದು ಉರಿಯೂತದ ಸೂಚನೆಗಳು. ಚಿಕಿತ್ಸೆ ಫಲಿಸಿದಾಗ ಇವು ತಗ್ಗುತ್ತವೆ. ಈ ಪರೀಕ್ಷೆಯಲ್ಲಿ ವಿಕಿರಣವಿಲ್ಲ, ಭೇದಿ ಔಷಧವೂ ಬೇಕಿಲ್ಲ; ಆದ್ದರಿಂದ ಇದನ್ನು ಪದೇ ಪದೇ ಮಾಡಬಹುದು. ಆದರೆ ಗುದನಾಳ ಇದರಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಭಾರತದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯನ್ನೇ ಹೋಲುವುದರಿಂದ, ರೋಗನಿರ್ಣಯಕ್ಕೆ ಕೊಲೊನೋಸ್ಕೋಪಿ ಮತ್ತು ಅಂಗಾಂಶ ಪರೀಕ್ಷೆ ಅಗತ್ಯವಾಗುತ್ತವೆ.

ಭಾರತದಲ್ಲಿ ಕಾನೂನು

ಭ್ರೂಣದ ಲಿಂಗ ಪತ್ತೆಗಾಗಿ ಈ ಉಪಕರಣ ದುರ್ಬಳಕೆಯಾದ ಕಾರಣ ಭಾರತ 1994ರಲ್ಲಿ ನಿಷೇಧ ಕಾಯಿದೆ ತಂದಿತು. ಅಲ್ಟ್ರಾಸೌಂಡ್ ಯಂತ್ರಗಳ ನೋಂದಣಿ ಕಡ್ಡಾಯವಾಯಿತು. ಕೈಯಲ್ಲಿ ಒಯ್ಯಬಹುದಾದ ಯಂತ್ರಗಳ ಬಳಕೆಗೂ ನಿರ್ಬಂಧಗಳಿವೆ. ಹೀಗಾಗಿ ಹಾಸಿಗೆಯ ಬಳಿ ಕರುಳನ್ನು ಪರೀಕ್ಷಿಸಲು ಬಯಸುವ ವೈದ್ಯರಿಗೂ ಈ ನಿಯಮಗಳು ಅನ್ವಯಿಸುತ್ತವೆ. ರಾಜಾಜಿನಗರ, ವಿಜಯನಗರ, ಕೆಂಗೇರಿ ಸೇರಿದಂತೆ ಬೆಂಗಳೂರಿನ ಎಲ್ಲ ಸ್ಕ್ಯಾನಿಂಗ್ ಕೇಂದ್ರಗಳೂ, ತಮ್ಮಲ್ಲಿ ಭ್ರೂಣದ ಲಿಂಗವನ್ನು ತಿಳಿಸಲಾಗುವುದಿಲ್ಲ ಎಂಬ ಫಲಕವನ್ನು ಕನ್ನಡದಲ್ಲಿಯೂ ಪ್ರದರ್ಶಿಸಬೇಕು.