ಷಹಾಜಿಯೂ ಕಠಾರಿಯ ಹಿಡಿಯೂ

ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಒಂದು ಸರಳವಾದ ಸಮಾಧಿಯುಂಟು. ಛತ್ರಪತಿ ಶಿವಾಜಿಯ ತಂದೆ ಷಹಾಜಿ ಭೋಂಸಲೆ ಅಲ್ಲಿ ಮಲಗಿದ್ದಾನೆ. 1664ರ ಜನವರಿಯಲ್ಲಿ ಬೇಟೆಗೆ ಹೊರಟವನು ಕುದುರೆ ಮುಗ್ಗರಿಸಿ ಬಿದ್ದು ಆ ಊರಿನಲ್ಲಿಯೇ ಪ್ರಾಣಬಿಟ್ಟನು. ಮಗನ ಕೀರ್ತಿಯಲ್ಲಿ ತಂದೆಯ ಹೆಸರು ಕರಗಿಹೋಗುವುದು ಲೋಕದ ರೂಢಿ. ಆದರೂ ಕನ್ನಡಿಗರು ಇವನನ್ನು ಮರೆಯುವಂತಿಲ್ಲ.

ಅಹಮದ್‌ನಗರದ ನಿಜಾಮಶಾಹಿಯಲ್ಲಿ ಏಳಿಗೆಗೆ ಬಂದ ಷಹಾಜಿ, 1636ರಲ್ಲಿ ಆ ರಾಜ್ಯವು ಅಳಿದ ಮೇಲೆ ಬಿಜಾಪುರದ ಸೇವೆಗೆ ಸೇರಿದನು. ರಣದುಲ್ಲಾಖಾನನ ದಂಡಿನೊಡನೆ ದಕ್ಷಿಣಕ್ಕೆ ಇಳಿದನು. 1638ರಲ್ಲಿ ಕೆಂಪೇಗೌಡರ ವಂಶದ ಕೈತಪ್ಪಿದ ಬೆಂಗಳೂರು ಅವನ ಜಹಗೀರಿಯಾಯಿತು. ಅಲ್ಲಿ ಅವನು ಕಟ್ಟಿದ ಆಸ್ಥಾನದ ಕವಿ ಜಯರಾಮ ಪಿಂಡ್ಯೆ. ಆತನ 'ರಾಧಾಮಾಧವವಿಲಾಸ ಚಂಪೂ'ವಿನಲ್ಲಿ ಸಂಸ್ಕೃತ, ಮರಾಠಿಗಳ ಪಂಕ್ತಿಯಲ್ಲಿ ಕನ್ನಡಕ್ಕೂ ಎಡೆ ದೊರೆತಿದೆ. 1648ರಲ್ಲಿ ಜಿಂಜಿಯ ಬಳಿ ಬಿಜಾಪುರದ ಸೇನಾಪತಿ ಮುಸ್ತಫಾಖಾನನೇ ಅವನನ್ನು ಸೆರೆಹಿಡಿದನು. ಮರುವರ್ಷ ಬಿಡುಗಡೆಯಾದವನು ಮತ್ತೆ ಅದೇ ಸುಲ್ತಾನನ ಸೇವೆಯಲ್ಲಿ ನಿಂತನು.

ಅವನ ಕಿರಿಯ ಮಗ ಏಕೋಜಿ 1670ರ ದಶಕದಲ್ಲಿ ತಂಜಾವೂರನ್ನು ಹಿಡಿದು ಅಲ್ಲಿ ಮರಾಠ ರಾಜ್ಯವನ್ನು ಸ್ಥಾಪಿಸಿದನು. 1855ರಲ್ಲಿ ಆ ವಂಶದ ಆಳ್ವಿಕೆ ಮುಗಿಯಿತು. ಅರಮನೆಯ ಆಯುಧಶಾಲೆಯು 1860ರ ದಶಕದಲ್ಲಿ ಮದರಾಸಿಗೆ ಸಾಗಿತು. ಲೋಹಕ್ಕಾಗಿ ಒಡೆದುದು ಬಹಳ. ಉಳಿದುದರಲ್ಲಿ ಒಂದು ಭಾಗವನ್ನು ಇಂದಿಗೂ ಚೆನ್ನೈಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಆ ಕಠಾರಿಗಳ ಹಿಡಿಯಲ್ಲಿರುವ ಆಕೃತಿಗಳನ್ನು ಗುರುತಿಸುವಾಗ ಅವಸರ ಸಲ್ಲದು. ಸಿಂಹದ ಮುಖ ಕಂಡೊಡನೆ ನರಸಿಂಹನೆಂದುಬಿಡುವವರುಂಟು. ಮುಖದ ಕೆಳಗೆ ಮನುಷ್ಯದೇಹವಿದ್ದರೆ, ತೊಡೆಯ ಮೇಲೆ ಹಿರಣ್ಯಕಶಿಪುವಿದ್ದರೆ, ಅದು ನರಸಿಂಹನೇ ಸರಿ. ಮೃಗದೇಹವಿದ್ದು ಕಣ್ಣು ಉಬ್ಬಿದ್ದರೆ, ಕೆಲವೊಮ್ಮೆ ಸೊಂಡಿಲೂ ಇದ್ದರೆ, ಅದು ಯಾಳಿ. ಮೊಸಳೆಯ ಬಾಯಿ, ಮೇಲಕ್ಕೆ ಸುರುಳಿಗೊಂಡ ಮೂತಿ, ಬಳ್ಳಿಯಾಗಿ ಹರಿಯುವ ಬಾಲ ಇದ್ದರೆ ಮಕರ. ಮುಖವೊಂದನ್ನೇ ನೋಡದೆ ದೇಹ, ವಾಹನ, ಕೈಯ ಆಯುಧ ಎಲ್ಲವನ್ನೂ ಕೂಡಿಸಿ ಓದಬೇಕು.

ಹಾಗೆ ಓದಿದಾಗ ಇನ್ನೊಂದು ಸಂಗತಿ ಹೊಳೆಯುತ್ತದೆ. ಈ ಯಾಳಿ, ಮಕರಗಳು ವಿಜಯನಗರದ ಹಾಗೂ ನಾಯಕರ ಕಾಲದ ಮಂಟಪದ ಕಂಬಗಳಲ್ಲಿ ನಾವು ಕಂಡವೇ. ಆಯುಧಶಾಲೆ ಮರಾಠರದು, ಹಿಡಿಯ ಶಿಲ್ಪಭಾಷೆ ಅದಕ್ಕಿಂತ ಹಳೆಯದು. ಒಡೆಯರು ಬದಲಾದರು, ದೇವತೆಗಳು ಬದಲಾಗಲಿಲ್ಲ.

ಷಹಾಜಿಯನ್ನೂ ಹೀಗೆಯೇ ಓದಬೇಕೆಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದುಂಟು. ಶಿವಾಜಿಯ ತಂದೆಯೆಂದೋ ಸುಲ್ತಾನನ ಸರದಾರನೆಂದೋ ಒಂದೇ ಹೆಸರಿಟ್ಟು ಮುಗಿಸಿದರೆ, ಸಿಂಹಮುಖವನ್ನಷ್ಟೇ ನೋಡಿ ದೇಹವನ್ನು ನೋಡದೆ ಬಿಟ್ಟಂತೆ. ಮರಾಠಿ ಮನೆಮಾತಿನ ಈ ವೀರ ಕನ್ನಡಕ್ಕೆ ತನ್ನ ಸಭೆಯಲ್ಲಿ ಆಸನವಿತ್ತವನು. ಕನ್ನಡದ ಮಣ್ಣು ಅವನಿಗೆ ಕೊನೆಯ ನೆಲೆಯನ್ನಿತ್ತಿತು.